ಬ್ರಿನ್ ಹೆಲಿಗ್ ಗುಡ್ಡದ ಕೆಂಪು ಗಾಜು

“ಆ ಕೆಂಪು ಗಾಜು ತೆಗಿ. ಈ ಗುಡ್ಡದಲ್ಲಿ ಬಿಳಿ ಬೆಳಕೊಂದೇ. ಮೈ ಪೂರ್ತಿ ಕಾಣ್ಬೇಕು, ಆಮೇಲೆ ಗುಂಡು.”

ಡಿಲಿಸ್ ಅಜ್ಜಿ ಗೇಟಿಗೆ ಅಡ್ಡ ನಿಂತಿದ್ದಳು. ಕಾಲ ಬಳಿ ಅವಳ ನಾಯಿ ಫ್ಲಾಸ್. ಕಾರ್ಡಿಫ್ ನಗರದಿಂದ ಬಂದು ಮೈರಿಗ್‌ನ ಮಗಳನ್ನು ಮದುವೆಯಾಗಿ ಇನ್ನೂ ಎಂಟು ತಿಂಗಳಾಗದ ಸೆಲ್ವಿನ್, ಬಂದೂಕಿನ ಮೇಲಿನ ದೀಪಕ್ಕೆ ಗಾಜು ಬಿಗಿಯುತ್ತ ನಕ್ಕ.

“ಬಿಳಿ ಬೆಳಕು ಕಂಡ್ರೆ ನರಿ ನಿಂತ್ಕೊಂಡು ಸಲಾಮ್ ಹೊಡಿಯುತ್ತಾ ಅಜ್ಜಿ? ಬಾಲ ಎತ್ಕೊಂಡು ಓಡುತ್ತೆ. ಕೆಂಪಾದ್ರೆ ಅದಕ್ಕೆ ಗೊತ್ತೇ ಆಗಲ್ಲ. ವಾರದಲ್ಲಿ ಒಂಬತ್ತು ಕುರಿಮರಿ ಹೋಗಿದೆ ನಮ್ದು.”

“ನನ್ನ ಗಂಡ ಹೋಗಿದ್ದೂ ಹಿಂಗೇ ಕಣೋ! ಕುರಿ ಹೆರಿಗೆ ಮಾಡಿಸ್ತಾ ಕೂತಿದ್ದ. ಪಕ್ಕದಲ್ಲಿದ್ದ ನಾಯಿ ಕಣ್ಣು ಹೊಳೀತು ಅಂತ ಗುಂಡು ಹಾರಿಸಿದ ಒಬ್ಬ. ‘ನರಿ ಅಂದ್ಕೊಂಡೆ’ ಅಂದ. ಅಷ್ಟೇ. ಮಾರನೇ ವಾರ ಹೋಟ್ಲಲ್ಲಿ ಕೂತು ಬಿಯರ್ ಕುಡಿದ! ಕಲ್ಲುಹಲಗೆ ಮೇಲೆ ಗೀಚಿ ಶಾಪದ ಬಾವಿಗೆ ಹಾಕಿದೀನಿ. ಮೈ ನೋಡ್ದೆ ಬರೀ ಕಣ್ಣಿಗೆ ಹೊಡೆಯೋನ ಕಣ್ಣೂ ಹಂಗೇ ಹೊಳೀಲಿ ಅಂತ.”

“ಒಳ್ಳೇದಾಯ್ತು ಬಿಡಿ. ಟಾರ್ಚ್ ಖರ್ಚು ಉಳೀತು.”

ಅಜ್ಜಿ ನೆಲಕ್ಕೆ ಉಗಿದಳು. “ಫ್ಲಾಸ್ ರಾತ್ರಿ ಒಂದು ಸಲ ಕುರಿ ಸುತ್ತಿ ಬರುತ್ತೆ. ನೋಡ್ಕೊಂಡಿರು,” ಎಂದು ಹೊರಟುಹೋದಳು. ಹಿರಿಯರು ಹೊಟ್ಟೆ ಉರಿದು ಹೇಳಿದ ಮಾತು ಇಂಥವರ ಕಿವಿಗೆ ಯಾವತ್ತು ನಾಟಿದೆ?

ಕತ್ತಲಾದ ಮೇಲೆ ಅವನು ಮಾವ ಮೈರಿಗ್‌ನನ್ನು ಎದುರಿನ ಇಳಿಜಾರಿಗೆ ಕಳಿಸಿದ. ಪೊರೆ ಬಂದ ಕಣ್ಣಿನ ಮುದುಕ ಬಿಳಿ ಬೆಳಕು ಬಿಟ್ಟು ಬೇರೆ ಕಂಡವನಲ್ಲ. ಅವನ ಬಂದೂಕಿನ ದೀಪಕ್ಕೂ ಕೆಂಪು ಗಾಜು ಹಾಕಿ, ಬೆಳಕನ್ನು ತೀರ ಇಳಿಸಿ ಸೆಲ್ವಿನ್ ಹೇಳಿಕೊಟ್ಟಿದ್ದ:

“ಬೆಳಕಿನ ಅಂಚು ಮಾತ್ರ ತಾಗಿಸಿ ಮಾವ, ನಡುಭಾಗ ಬೇಡ. ಎರಡು ಕಣ್ಣು ಕಂಡ್ರೆ ಸಾಕು. ಒಂದು, ಎರಡು ಅಂತ ಎಣಿಸಿ, ಒತ್ತಿಬಿಡಿ.”

“ಮೈ ಕಾಣಲ್ವಲ್ಲೋ ಅಳಿಯ? ಕೆಂಪಲ್ಲಿ ಕುರಿ, ನರಿ ಎಲ್ಲಾ ಕಣ್ಣೂ ಒಂದೇ.”

“ಮೈ ನೋಡ್ತಾ ಕೂತ್ರೆ ಮರಿ ಉಳಿಯಲ್ಲ. ನಾನಂತೂ ಗೇಟು ಬಿಟ್ಟು ಕದಲಲ್ಲ. ಮನುಷ್ಯರ ಕಣ್ಣು ದೀಪಕ್ಕೆ ಹೊಳಿಯೋದೂ ಇಲ್ಲ. ಏನು ಭಯ?”

ಗುಡ್ಡದ ಮೇಲೆ ಒದ್ದೆ ಉಣ್ಣೆಯ, ಕೊಳೆತ ಹುಲ್ಲಿನ ವಾಸನೆ. ಗಾಳಿ ಎದುರಿನಿಂದ ಬೀಸುತ್ತಿತ್ತು. ಗೇಟಿನ ಬಳಿ ನಿಂತು ಸೆಲ್ವಿನ್ ದೀಪ ತಿರುಗಿಸಿದ. ನೂರು ಹೆಜ್ಜೆ ಮೇಲೆ, ಜೊಂಡಿನ ನಡುವೆ, ಎರಡು ಕಿಡಿ. ನಿಂತವು. ಅವನನ್ನೇ ನೋಡಿದವು. ಒಂದು, ಎರಡು. ಒತ್ತಿದ.

ಹತ್ತಿ ಹೋಗಿ ನೋಡಿದರೆ ಫ್ಲಾಸ್.

ಅವನು ಅಳಲಿಲ್ಲ, ಅಜ್ಜಿಯ ಮನೆಗೆ ಓಡಿ ಕಾಲು ಹಿಡಿಯಲೂ ಇಲ್ಲ. ಮೊದಲು ಹೊಳೆದದ್ದು, ಬಚ್ಚಿಡಬೇಕು. ಅದೇ ‘ನರಿ ಅಂದ್ಕೊಂಡೆ’ ಜಾತಿ! ನಾಯಿಯನ್ನು ಹಿಂಗಾಲು ಹಿಡಿದು ಎಳೆಯುವಾಗ ಕೆಸರಿನಲ್ಲಿ ಜಾರಿ ಬಿದ್ದ. ದೀಪ ಬಂಡೆಗೆ ಬಡಿಯಿತು. ಗಾಜು ಪುಡಿ. ಕತ್ತಲು ಕವಿಯಿತು.

ಕಣ್ಣೊಳಗೆ ಉಪ್ಪು ಎರಚಿದ ಹಾಗೆ ಉರಿ ಶುರುವಾಯಿತು. ಉಜ್ಜಿದ. ಹೋಗಲಿಲ್ಲ. ಉರಿ ಆರಿಸಲು ಪಕ್ಕದ ನೀರಿನ ಗುಂಡಿಗೆ ಬಾಗಿದ. ಅಷ್ಟರಲ್ಲಿ ಎದುರಿನ ಇಳಿಜಾರಿನಿಂದ ಮಂದ ಕೆಂಪು ಬೆಳಕು ತೇಲಿ ಬಂತು. ಮಾವನ ದೀಪ.

ಗುಂಡಿಯ ನೀರಿನಲ್ಲಿ ಎರಡು ಕೆಂಡ ಹೊತ್ತಿಕೊಂಡವು.

ಅವನು ತಲೆ ಹೊರಳಿಸಿದ. ಕೆಂಡಗಳೂ ಹೊರಳಿದವು. ಅವನದೇ ಕಣ್ಣು.

ಎದುರಿನಿಂದ ಕೀಚಲು ದನಿ ಕೇಳಿತು. ನರಿಯನ್ನು ಕರೆಯಲು ಮೈರಿಗ್ ಮುಂಗೈ ಹೀರಿ ಹೊರಡಿಸುವ, ಮೊಲದಂಥ ದನಿ.

“ಮಾವಾ! ನಾನು! ಸೆಲ್ವಿನ್!”

ಗಾಳಿ ಕೂಗನ್ನು ಹಿಂದಕ್ಕೆ ತಳ್ಳಿತು. ದೀಪದ ಸ್ವಿಚ್ಚು ಒತ್ತಿದ, ಹತ್ತಲಿಲ್ಲ. ಫೋನು ಕೆಳಗೆ ಗೇಟಿನ ಬಳಿ ನಿಲ್ಲಿಸಿದ ಜೀಪಿನಲ್ಲಿ. ಓಡಲು ಹೋದ. ಕಾಲು ಕೆಸರಿನಲ್ಲಿ ಹೂತಿತ್ತು. ಕಣ್ಣು ಮುಚ್ಚಿದ. ಬಿಗಿಯಾಗಿ ಮುಚ್ಚಿದ. ರೆಪ್ಪೆಯ ಚರ್ಮವೇ ಲಾಂದ್ರದ ಗಾಜಿನಂತೆ ಬೆಳಗುತ್ತಿತ್ತು. ಅಂಗೈ ಅಡ್ಡ ಹಿಡಿದ. ಬೆರಳ ಸಂದಿಯಿಂದ ಕೆಂಪು ಸೋರಿತು.

ಒಂದು.

“ಬೇಡ ಮಾವ...”

ಎರಡು.

ಮನೆಯ ಹೊಸ್ತಿಲಲ್ಲಿ ನಿಂತಿದ್ದ ಡಿಲಿಸ್ ಎರಡನೆಯ ಗುಂಡಿನ ಸದ್ದೂ ಕೇಳಿದಳು. ನಾಯಿಗೆ ಶಿಳ್ಳೆ ಹಾಕಿದಳು. ಕಾದಳು. ಮತ್ತೆ ಹಾಕಿದಳು. ಹುಲ್ಲಿನಲ್ಲಿ ಯಾವ ಹೆಜ್ಜೆಯೂ ಸರಿಯಲಿಲ್ಲ. ಎದುರಿನ ಇಳಿಜಾರಿನಿಂದ ಗಾಳಿಯೊಂದಿಗೆ ಮುದುಕನ ಕೂಗು ಮಾತ್ರ ಬಂತು, ಹಿಗ್ಗಿ ಹಿಗ್ಗಿ:

“ಬಿತ್ತು ಅಳಿಯಾ! ನೀನು ಹೇಳಿಕೊಟ್ಟ ಹಾಗೇ! ಎರಡು ಕಣ್ಣಿನ ಮಧ್ಯಕ್ಕೇ!”