ಬಿದಿರಿನ ಬುಡದಲ್ಲಿ ಎಂಬತ್ತು ಜೇಬು

"ಜೇಬಿನ ಚೀಲ ಎಲ್ಲೈತಿ?"

ಅಮ್ಮ ಮಂಜುಳಮ್ಮ ಹೀಗೆ ಕೇಳಿದಾಗ ದುರ್ಗಾ ಶಾಲೆಯಿಂದ ಬಂದು ಬಿಸ್ಕತ್ತು ತಿನ್ನುತ್ತಿದ್ದಳು.

"ಯಾವ ಚೀಲ?"

"ಮೆಷಿನ್ ಪಕ್ಕ ಇತ್ತಲ್ಲ, ಜೀನ್ಸಿಗೆ ಹಚ್ಚೋ ಜೇಬು. ನಾಳೆ ಎಂಟಕ್ಕ ಆಟೋ ಬರ್ತೈತಿ. ಮಾಲು ಕೊಡಲಿಲ್ಲಾಂದ್ರ ಮುಂದಿನ ಆರ್ಡರ್ ಬ್ಯಾರೆಯವರಿಗೆ ಹೋಗ್ತೈತಿ."

ದುರ್ಗಾ ಬಿಸ್ಕತ್ತು ಕೆಳಗಿಟ್ಟು, "ಚಿಂದಿ ಅನ್ಕೊಂಡು ಶಾಲಿಗೆ ಒಯ್ದೀನಿ" ಎಂದಳು.

ದುರ್ಗಾಳ ಐದನೇ ಕ್ಲಾಸಿನ ಮಕ್ಕಳು ಶಾಲೆಯ ಬೇಲಿಯುದ್ದಕ್ಕೂ ಬಿದಿರು ಸಸಿ ನೆಟ್ಟಿದ್ದರು. ಮಳೆ ಬಂದ ಮೇಲೆ ಸಸಿಗಿಂತ ಹುಲ್ಲೇ ಜೋರಾಗಿ ಬೆಳೆಯಿತು. "ಬುಡದ ಮಣ್ಣು ಮುಚ್ಚಿದರೆ ಕಳೆ ಬರಲ್ಲ. ಮನೇಲಿ ಬೇಡವಾದ್ದು ಏನಾದರೂ ತನ್ನಿ" ಎಂದಿದ್ದರು ಟೀಚರ್. ಅವತ್ತು ಬೆಳಗ್ಗೆ ಕೆಲವರು ಕಡಲೆಕಾಯಿ ಸಿಪ್ಪೆ ತಂದರು. ಹೊಲಿಗೆಯವರ ಮಕ್ಕಳು ಬಟ್ಟೆ ಚಿಂದಿ ತಂದರು. ದುರ್ಗಾ ತಂದ ಚಿಂದಿ ಎಲ್ಲರದಕ್ಕಿಂತ ನೀಟಾಗಿತ್ತು. ಎಲ್ಲ ತುಂಡೂ ಒಂದೇ ಅಳತೆ. ಟೀಚರ್ ಮೆಚ್ಚಿಕೊಂಡರು. ಆ ಖುಷಿಗೆ ಅವಳು ಅದರ ಮೇಲೆ ಎರಡು ಬಕೆಟ್ ನೀರು ಹೊಯ್ದಿದ್ದಳು.

ಅಪ್ಪ ತಿರುಮಲೇಶ್ ಬೈಯಲಿಲ್ಲ. ಅವಳನ್ನು ಕೂರಿಸಿಕೊಂಡು ಶಾಲೆಗೆ ಹೋಗಲು ಗಾಡಿ ಸ್ಟಾರ್ಟ್ ಮಾಡಿದ. ಬೈದಿದ್ದರೇ ಚೆನ್ನಾಗಿತ್ತು.

ಬಿದಿರಿನ ಬುಡದಲ್ಲಿ ಎಂಬತ್ತು ಜೇಬೂ ಸಿಕ್ಕವು. ಒಂದರ ಮೇಲೆ ಎರೆಹುಳು ಕೂತಿತ್ತು. ಅಪ್ಪ ಅದನ್ನು ಮಣ್ಣಿಗೆ ಬಿಟ್ಟ.

ಅಮ್ಮ ಜೇಬುಗಳನ್ನು ತೊಳೆದು, ಇಸ್ತ್ರಿಯಿಂದ ಒಣಗಿಸಿ, ತಿರುವಿ ನೋಡಿದಳು. "ನಂಬರ್ ಎಲ್ಲಾ ಹೋಗ್ಯಾವ" ಎಂದಳು. ಪ್ರತಿ ಜೇಬಿನ ಹಿಂದೆ ಅವಳೇ ಚಾಕ್‌ಪೀಸಿನಲ್ಲಿ ನಂಬರ್ ಬರೆದಿದ್ದಳು.

"ನಂಬರ್ ಯಾಕಮ್ಮ? ಎಲ್ಲಾ ನೀಲಿನೇ ಅಲ್ಲೇನು?"

ಅಮ್ಮ ಒಂದು ಪ್ಯಾಂಟಿನ ಮೇಲೆ ಒಂದು ಜೇಬು ಇಟ್ಟಳು. ತೇಪೆ ಹಾಕಿದಂತೆ ಕಂಡಿತು. ಅದನ್ನು ತೆಗೆದು ಇನ್ನೊಂದು ಇಟ್ಟಳು. ಜೇಬು ಇದೆಯೆಂದೇ ಗೊತ್ತಾಗಲಿಲ್ಲ.

"ಒಂದೊಂದು ಬಟ್ಟೆ ಥಾನಿಂದು ಒಂದೊಂದು ನೀಲಿ. ಈಗ ಕಣ್ಣಿಲೇ ಹುಡುಕಬೇಕು. ಕುಂದ್ರು."

ಇಬ್ಬರೂ ಬಾಗಿಲ ಬೆಳಕಿನಲ್ಲಿ ಕೂತರು. ಮೊದಲ ಹತ್ತರಲ್ಲಿ ದುರ್ಗಾ ಏಳು ತಪ್ಪು ಮಾಡಿದಳು. ಮೂವತ್ತಕ್ಕೆ ಬರುವಷ್ಟರಲ್ಲಿ ಅಮ್ಮ ತಪ್ಪು ಹುಡುಕುವುದನ್ನೇ ಬಿಟ್ಟಳು. ದುರ್ಗಾಗೆ ಹೆಮ್ಮೆಯಾಯಿತು. ಆದರೆ ಅದನ್ನು ತೋರಿಸುವ ಸಮಯ ಇದಲ್ಲ ಎಂದು ಮುಖ ಬಿಗಿದುಕೊಂಡಳು.

ಬೆಳಗ್ಗೆ ಆಟೋ ಪ್ಯಾಂಟು ಹೇರಿಕೊಂಡು ಹೊರಟಾಗ, ರಾತ್ರಿಯಿಡೀ ಜೇಬು ಹೊಲಿದ ಅಪ್ಪ ಮೆಷಿನ್ ಮುಂದಿನ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ.

ಈ ಸಲ ದುರ್ಗಾ ಚಿಂದಿ ಚೀಲವನ್ನು ಅಮ್ಮನಿಗೆ ಮೂರು ಸಲ ತೋರಿಸಿ ಶಾಲೆಗೆ ಒಯ್ದಳು. ಅವಳ ಸಸಿಯ ಪಕ್ಕದ ಗುಂಡಿಯ ಹತ್ತಿರ ಗೆಳತಿ ಶಶಿ ಹುಲ್ಲನ್ನು ಹಿಡಿ ಹಿಡಿಯಾಗಿ ಕೀಳುತ್ತಿದ್ದಳು.

"ನನ್ನ ಸಸಿ ಸತ್ತೈತಿ. ಬರೀ ಹುಲ್ಲೈತಿ ಇಲ್ಲಿ, ಕಿತ್ತು ಒಗೀತೀನಿ."

"ತಡಿ" ಎಂದು ದುರ್ಗಾ ಅವಳ ಕೈ ಹಿಡಿದಳು.

"ಯಾಕ? ಎಲ್ಲಾ ಒಂದೇ ಹಸಿರು."

ದುರ್ಗಾ ಮಂಡಿಯೂರಿ ಕೂತು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹುಲ್ಲನ್ನು ಎರಡೂ ಕೈಯಿಂದ ಸರಿಸಿದಳು. ನಡುವೆ ಸ್ವಲ್ಪ ಬೇರೆ ಹಸಿರಿನ, ಬೆರಳುದ್ದದ ಬಿದಿರು ಚಿಗುರು ನಿಂತಿತ್ತು.

"ನಿನಗ ಹೆಂಗ ಗೊತ್ತಾತು?"

"ನಿನ್ನೆ ಎಂಬತ್ತು ಜೇಬು ನೋಡೀನಿ."

ಶಶಿಗೆ ಏನೂ ಅರ್ಥವಾಗಲಿಲ್ಲ. ದುರ್ಗಾ ಚಿಗುರಿನ ಸುತ್ತ ಒಂದೊಂದೇ ಎಳೆ ನೋಡಿ ನೋಡಿ ಕೀಳತೊಡಗಿದಳು.