ಗ್ಯಾಸ್ ಎಲ್ಲಿಗೆ ಹೋಗುತ್ತೆ?

“ಮಿಸ್, ನಮ್ಮಪ್ಪ ದಿನಾ ಆ ಗ್ಯಾಸ್ ಬಿಡ್ತಾರೆ!”

ಪಿಟೀಲು ಎದ್ದು ನಿಂತು ಹೆಮ್ಮೆಯಿಂದ ಹೇಳಿಬಿಟ್ಟಳು. ಅವಳಿಗೆ ಬೇರೆ ಹೆಸರು ಇತ್ತು. ಆದರೆ ಒಮ್ಮೆ ಮಾತು ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆ ಅಂತ ಅಪ್ಪ ಇಟ್ಟಿದ್ದ ಈ ಹೆಸರೇ ಶಾಲೆವರೆಗೂ ಬಂದಿತ್ತು.

ಫ್ರಿಜ್, ಏಸಿಗಳ ಒಳಗಿನ ಗ್ಯಾಸ್ ಹೊರಗೆ ಬಂದರೆ ಏನಾಗುತ್ತದೆ ಅಂತ ಮಿಸ್ ಆಗಷ್ಟೇ ಹೇಳಿದ್ದರು. ಅದು ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಬಿಸಿಯನ್ನು ಹಿಡಿದಿಡುತ್ತದಂತೆ. ಇಲ್ಲಿ ಬಿಟ್ಟ ಗ್ಯಾಸ್ ಇಲ್ಲೇ ಇರುವುದಿಲ್ಲವಂತೆ. ಎಲ್ಲೋ ದೂರದ ಮಂಜಿನ ಬೆಟ್ಟ ಕರಗುವುದಕ್ಕೂ ಅದು ಕಾರಣವಂತೆ.

ಪಿಟೀಲಿಗೆ ಕೇಳಿಸಿದ್ದು ‘ಫ್ರಿಜ್’, ‘ಗ್ಯಾಸ್’ ಅನ್ನೋದು ಮಾತ್ರ. ಕೈ ತಾನಾಗಿ ಮೇಲೆ ಹೋಗಿತ್ತು.

“ಓಹೋ! ಹಂಗಾದ್ರೆ ಈ ಸೆಕೆಗೆಲ್ಲ ಇವಳಪ್ಪಾನೇ ಕಾರಣ!” ಅಂದ ಹಿಂದಿನ ಬೆಂಚಿನ ಗುಂಡ. ಇಡೀ ಕ್ಲಾಸು ಗೊಳ್ಳೆಂದಿತು.

“ಸಾಕು! ಇದು ಒಬ್ಬರಿಂದ ಆಗೋದಲ್ಲ. ನಮ್ಮನೇಲೂ ಫ್ರಿಜ್ ಇದೆ,” ಅಂದರು ಮಿಸ್. ಯಾರು ಕೇಳಬೇಕು? ಪಿಟೀಲಿನ ಕಿವಿ ಕೆಂಪಾಗಿತ್ತು.

ಸಂಜೆ ಅವಳು ಮನೆಗೆ ಹೋಗದೆ ನೇರ ಅಪ್ಪನ ಫ್ರಿಜ್ ರಿಪೇರಿ ಅಂಗಡಿಗೆ ಹೋದಳು. ಬಾಗಿಲಿಲ್ಲದ ಫ್ರಿಜ್ಜುಗಳ ನಡುವೆ ಅಪ್ಪ ಕುಕ್ಕರಗಾಲಲ್ಲಿ ಕೂತು ತಾಮ್ರದ ಪೈಪ್ ಕತ್ತರಿಸುತ್ತಿದ್ದ. ಸ್ಸ್ಸ್ ಅಂತ ಗ್ಯಾಸ್ ಹೊರಗೆ ಬರುತ್ತಿತ್ತು.

“ಅಪ್ಪಾ, ಅದು ಎಲ್ಲಿಗೆ ಹೋಗುತ್ತೆ?”

“ಗಾಳಿಗೆ.”

“ಗಾಳಿಯಿಂದ ಎಲ್ಲಿಗೆ?”

ಅಪ್ಪ ಅವಳ ಮುಖ ನೋಡಿದ. “ಯಾರು ಏನಂದ್ರು?”

ಪಿಟೀಲು ಒಂದೇ ಉಸಿರಿಗೆ ಎಲ್ಲ ಹೇಳಿದಳು, ಗುಂಡನ ಮಾತನ್ನೂ ಬಿಡದೆ. ಅಪ್ಪ ಬೈಯಲಿಲ್ಲ. ಮೂಲೆಯ ಕಡೆ ಕೈ ತೋರಿಸಿದ. ಅಲ್ಲೊಂದು ಮಷೀನ್ ಇತ್ತು. ಅದರ ಮೇಲೆ ಟೀ ಫ್ಲಾಸ್ಕು, ಹಳೇ ಪೇಪರು, ಒಂದು ಟವೆಲ್ಲು.

“ಗ್ಯಾಸ್ ಹೊರಗೆ ಹೋಗದೆ ಸಿಲಿಂಡರಿಗೆ ಎಳ್ಕೊಳ್ಳೋಕೆ ಅದು. ಹಾಕಿದ್ರೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ. ಜನ ಎಲ್ಲಿ ಕಾಯ್ತಾರೆ? ಈಗ್ಲೇ ಆಗ್ಬೇಕು ಅಂತ ತಲೆ ಮೇಲೆ ಕೂರ್ತಾರೆ.”

“ಅಂದ್ರೆ ಗುಂಡ ಹೇಳಿದ್ದು ನಿಜಾನಾ?”

ಅಪ್ಪ ಕೈ ಒರೆಸಿಕೊಳ್ಳುತ್ತಲೇ ಇದ್ದ.

ಊಟಕ್ಕೆ ಕೂತಾಗ ಇಬ್ಬರದೂ ಮಾತಿಲ್ಲ. “ಏನೇ, ತಂತಿ ಕಿತ್ತುಹೋಯ್ತಾ?” ಅಂತ ಅಮ್ಮ ಕೇಳಿದಳು. ಯಾರೂ ನಗಲಿಲ್ಲ.

ಮರುದಿನ ರಜೆ. ಬೆಳಿಗ್ಗೆ ಪಿಟೀಲು ಅಪ್ಪನ ಜೊತೆ ಅಂಗಡಿಯಲ್ಲಿದ್ದಾಗ ಪಕ್ಕದ ಬಡಾವಣೆಯ ಕ್ಲಿನಿಕ್ಕಿನಿಂದ ಫೋನ್ ಬಂತು. ಲಸಿಕೆ ಇಡುವ ಫ್ರಿಜ್ ಕೆಟ್ಟಿದೆ, ಓಡಿ ಬನ್ನಿ ಅಂತ. ಅಪ್ಪ ಸಾಮಾನಿನ ಚೀಲ ಎತ್ತಿಕೊಂಡ. ಬಾಗಿಲವರೆಗೆ ಹೋದವನು ವಾಪಸ್ ಬಂದು, ಮಷೀನ್ ಮೇಲಿನ ಫ್ಲಾಸ್ಕನ್ನು ಕೆಳಗಿಟ್ಟ.

“ಬರ್ತೀಯಾ? ಇದನ್ನ ಹಿಡ್ಕೊಳ್ಳೋಕೆ ಜನ ಬೇಕು.”

ಪಿಟೀಲು ಮುಖ ಊದಿಸಿಕೊಂಡೇ ಸ್ಕೂಟರ್ ಹತ್ತಿದಳು.

ಕ್ಲಿನಿಕ್ಕಿನ ಹೊರಗಿನ ಬೆಂಚುಗಳ ತುಂಬ ಅಮ್ಮಂದಿರು, ಮಡಿಲಲ್ಲಿ ಪಾಪುಗಳು. ಸೆಕೆಗೆ ಒಂದು ಪಾಪುವಿನ ಕೂದಲು ಹಣೆಗೆ ಅಂಟಿಕೊಂಡಿತ್ತು.

“ಕಂಪ್ರೆಸರ್ ಸುಟ್ಟಿದೆ ಸಿಸ್ಟರ್. ಬೇರೆ ಹಾಕ್ತೀನಿ. ಮೊದಲು ಹಳೇ ಗ್ಯಾಸ್ ತೆಗೀಬೇಕು. ಸ್ವಲ್ಪ ಟೈಮ್ ಹಿಡಿಯುತ್ತೆ,” ಅಂದ ಅಪ್ಪ.

“ಟೈಮ್ ಎಲ್ಲಿದೆ? ಒಳಗೆ ಬಿಸಿ ಏರ್ತಾ ಇದೆ. ಈ ಲಸಿಕೆ ಹಾಳಾದ್ರೆ ಇವರೆಲ್ಲ ವಾಪಸ್ ಹೋಗ್ಬೇಕು!” ನರ್ಸ್ ಅಳುವುದೊಂದು ಬಾಕಿ. “ಪೆಟ್ಟಿಗೇಲಿ ಇಡೋಣ ಅಂದ್ರೆ ಐಸೂ ಕರಗಿದೆ.”

ಅಪ್ಪ ಮಷೀನ್ ನೋಡಿದ. ಪೈಪ್ ಕತ್ತರಿಸುವ ಉಪಕರಣ ಕೈಗೆತ್ತಿಕೊಂಡು ಮಗಳ ಕಡೆ ತಿರುಗಿದ.

ಪಿಟೀಲಿಗೆ ‘ಬೇಡ’ ಅನ್ನಬೇಕು ಅನ್ನಿಸಿತು. ಬಾಗಿಲಾಚೆಯ ಪಾಪುಗಳನ್ನು ನೋಡಿದಳು. ಅಪ್ಪನಿಗೆ ದಿನಾ ಹೀಗೇ ಆಗುತ್ತಾ?

“ಸಿಸ್ಟರ್, ಐಸ್ ಸಿಕ್ಕಿದ್ರೆ ಲಸಿಕೆ ಉಳಿಯುತ್ತಾ?”

“ಉಳಿಯುತ್ತೆ. ಬೇಗ ಸಿಗ್ಬೇಕಷ್ಟೆ.”

ಪಿಟೀಲು ಓಡಿದಳು. ಬೀದಿಯ ಕೊನೆಯಲ್ಲಿ ಮೀನು ಮಾರುವ ಅಜ್ಜಿ ಇದ್ದಳು.

“ಅಜ್ಜಿ, ಐಸ್ ಕೊಡಿ!”

“ಮೀನು ಬೇಡ, ಐಸ್ ಬೇಕಾ? ಒಳ್ಳೇ ಗಿರಾಕಿ ಕಣೇ ನೀನು!”

“ಪಾಪುಗಳ ಲಸಿಕೆಗೆ. ಫ್ರಿಜ್ ಕೆಟ್ಟಿದೆ.”

ಅಜ್ಜಿ ಮತ್ತೇನೂ ಕೇಳಲಿಲ್ಲ. ಹೊಸ ಚೀಲ ಹುಡುಕಿ ಬೊಗಸೆ ಬೊಗಸೆ ತುಂಬಿದಳು. “ಓಡು, ಕರಗೀತು!”

ಚೀಲ ತಬ್ಬಿಕೊಂಡು ಪಿಟೀಲು ವಾಪಸ್ ಬಂದಾಗ ಫ್ರಾಕು ತೊಪ್ಪೆಯಾಗಿತ್ತು. ಮೀನಿನ ವಾಸನೆಗೆ ನರ್ಸ್ ಮೂಗು ಮುಚ್ಚಿಕೊಂಡು ನಕ್ಕರು. ಚೀಲಕ್ಕೆ ಇನ್ನೊಂದು ಚೀಲ ಹಾಕಿ ಬಿಗಿಯಾಗಿ ಕಟ್ಟಿದರು. ಐಸಿಗೂ ಬಾಟಲಿಗೂ ನಡುವೆ ದಪ್ಪ ಬಟ್ಟೆ ಇಟ್ಟರು. “ತಂಪಾಗಿರ್ಬೇಕು, ಆದ್ರೆ ಹೆಪ್ಪುಗಟ್ಟಬಾರದು,” ಅನ್ನುತ್ತಾ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು. “ಸರಿಯಾಗಿದೆ. ಈಗ ನಿಧಾನಕ್ಕೆ ಮಾಡಿ.”

ಅಪ್ಪ ಮಷೀನಿನ ಪೈಪ್ ಜೋಡಿಸಿದ. ಅದು ಗುರ್ ಅಂತ ಸದ್ದು ಮಾಡುತ್ತಾ ಕೆಲಸ ಶುರು ಮಾಡಿತು. ಪಿಟೀಲು ಸಿಲಿಂಡರ್ ಹಿಡಿದು ಕೂತಳು. ಒಳಗೆ ಹೋದ ಗ್ಯಾಸ್ ಕಾಣಿಸುವುದಿಲ್ಲ. ಆದರೂ ಅವಳು ಕೈ ಸಡಿಲಿಸಲಿಲ್ಲ.

ಹೊಸ ಕಂಪ್ರೆಸರ್ ಕೂರಿಸಿ ಫ್ರಿಜ್ ಮತ್ತೆ ತಂಪಾಗುವ ಹೊತ್ತಿಗೆ, ಲಸಿಕೆ ಹಾಕಿಸಿಕೊಂಡ ಪಾಪುಗಳು ಒಂದರ ಹಿಂದೊಂದು ರಾಗ ತೆಗೆದಿದ್ದವು.

ವಾಪಸ್ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಿಗ್ನಲಿನಲ್ಲಿ ಸ್ಕೂಟರ್ ನಿಂತಿತು. ಪಕ್ಕದ ಕಟ್ಟಡದ ಗೋಡೆ ತುಂಬ ಏಸಿ ಡಬ್ಬಗಳು. ಬಿಸಿ ಗಾಳಿ ನೇರ ಮುಖಕ್ಕೆ ರಾಚಿತು. ಪಿಟೀಲು ಮೇಲೆ ನೋಡಿದಳು. ಒಂದು ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ಒಳಗೆ ಹಾಸಿಗೆ ಮೇಲೆ ತಾತ ಒಬ್ಬರು ಮಲಗಿದ್ದರು. ಯಾರೋ ಅವರಿಗೆ ಹೊದಿಕೆ ಸರಿಮಾಡುತ್ತಿದ್ದರು.

ಎಲ್ಲ ಕಿಟಕಿಗಳ ಹಿಂದೆಯೂ ಹೀಗೇ ಯಾರೋ ಇರಬೇಕು. ಅವರು ಬಿಟ್ಟ ಬಿಸಿ ಇವಳ ಮುಖದ ಮೇಲೆ. ಆದರೆ ಯಾರ ಮೇಲೆ ಸಿಟ್ಟು ಮಾಡೋದು ಅಂತ ಅವಳಿಗೆ ಗೊತ್ತಾಗಲಿಲ್ಲ.

ಅವಳು ಅಪ್ಪನ ಬೆನ್ನಿಗೆ ಕೆನ್ನೆ ಆನಿಸಿದಳು.

“ಬೆವರು ಕಣೇ, ಸ್ವಲ್ಪ ದೂರ ಕೂತ್ಕೋ. ಸೆಕೆ ಆಗಲ್ವಾ?”

“ಆಗುತ್ತೆ,” ಅಂದಳು. ದೂರ ಸರಿಯಲಿಲ್ಲ.