ಪ್ರತಿ ಶನಿವಾರ ಐದು

ಲಾಕ್ಲನ್ ನಾಲ್ಕನೆಯ ಶನಿವಾರವೂ ಐದೇ ಎಂದ.

"ಒಂದರಿಂದ ಹತ್ತರಲ್ಲಿ ಐದು," ಎಂದು ಬಾಗಿಲಿಗೆ ಒರಗಿಕೊಂಡು ಹೇಳಿದ. "ಹೋದ ವಾರದ್ದೇ."

ಇಶ್ಬೆಲ್ ಪೆನ್ನು ಎತ್ತಿದಳು, ಬರೆಯಲಿಲ್ಲ. ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೋ ಬೇಡವೋ ಎಂಬ ಮತದಾನಕ್ಕೆ ಇನ್ನು ನಲವತ್ತೇ ದಿನ ಉಳಿದಿತ್ತು. 'ಆಗಬೇಕು' ಎನ್ನುವವರ ಪರ ಮನೆಮನೆ ಪ್ರಚಾರಕ್ಕೆ ಗ್ರೀನಕ್ ಊರಿನ ಈ ಏರುಬೀದಿಯ ಮನೆಗಳೆಲ್ಲ ಅವಳ ಪಾಲಿಗೆ ಬಂದಿದ್ದವು. ಬೇಡವೇ ಬೇಡ ಎನ್ನುವವರಿಗೆ ಒಂದು, ಆಗಲೇಬೇಕು ಎನ್ನುವವರಿಗೆ ಹತ್ತು. ಒಂದು ಎಂದವರ ಮನೆಗೆ ಮತ್ತೆ ಹೋಗಿ ಪ್ರಯೋಜನವಿಲ್ಲ, ಹತ್ತು ಎಂದವರ ಮನೆಗೆ ಹೋಗುವ ಅಗತ್ಯವಿಲ್ಲ. ನಡುವೆ ತೂಗಾಡುವವರಿಗೇ ಎಲ್ಲ ಉಪಚಾರ.

"ಕೆಟಲ್ ಇಟ್ಟಿದ್ದೀನಿ," ಎಂದ ಲಾಕ್ಲನ್. "ಇವತ್ತು ಪೆನ್ಶನ್ ವಿಷಯ ಕೇಳ್ಬೇಕಿತ್ತು."

"ಹೋದ ವಾರ ಕೇಳಿದ್ರಲ್ಲ?"

"ಹೋದ ವಾರ ಕೇಳಿದ್ದು ಪೌಂಡು ನಾಣ್ಯ ಉಳಿಯುತ್ತಾ ಅಂತ. ಪೆನ್ಶನ್ ಅರ್ಧಕ್ಕೇ ನಿಂತಿತ್ತು, ಬಿಸ್ಕತ್ತು ಮುಗೀತಲ್ಲ."

ಅವನ ಎಡಹುಬ್ಬಿನಲ್ಲಿ ವೆಲ್ಡಿಂಗ್ ಕಿಡಿ ಸುಟ್ಟ ಒಂದು ಗೆರೆಯಿತ್ತು. ನಗು ತಡೆದುಕೊಂಡಾಗ ಆ ಹುಬ್ಬು ಮಾತ್ರ ಮೇಲೇರುತ್ತಿತ್ತು. ಅದನ್ನು ನೋಡಬಾರದು ಎಂದುಕೊಂಡೇ ಇಶ್ಬೆಲ್ ನೋಡಿದಳು.

ಅವಳು ಕಾರು ಓಡಿಸಲು ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ, ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು ಕೂರುವ ಕೆಲಸ. ಮನೆಗೆ ಬಂದಮೇಲೂ ಆ ಕಾಲು ಎತ್ತುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು. ಮದುವೆ ನಿಶ್ಚಯವಾಗಿದ್ದವನು ಸಮುದ್ರದ ಎಣ್ಣೆಬಾವಿಯಲ್ಲಿ ಮೂರು ವಾರ ಕೆಲಸ ಎನ್ನುತ್ತಿದ್ದ. ಕೆಲಸ ಎರಡೇ ವಾರದ್ದು. ಮೂರನೆಯ ವಾರ ಅಬರ್ಡೀನಿನಲ್ಲಿ ಇನ್ನೊಬ್ಬಳ ಮನೆಯಲ್ಲಿ. ಇನ್ನೊಮ್ಮೆ ಮೋಸ ಹೋದರೆ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳಲಾರೆ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು.

ಅಡುಗೆಮನೆಯ ಕಿಟಕಿಯಿಂದ ಕ್ಲೈಡ್ ನದಿ ಬೂದಿಬಣ್ಣಕ್ಕೆ ಕಾಣುತ್ತಿತ್ತು. ಅವನು ಕಪ್ಪು ಮುಂದಿಟ್ಟ.

"ನೀರಿನಾಚೆ ಜಲಾಂತರ್ಗಾಮಿ ನೆಲೆಯಲ್ಲಿ ನನ್ನ ಕೆಲಸ. ನೀವು ಗೆದ್ರೆ ಆ ಅಣುಬಾಂಬಿನ ಹಡಗುಗಳನ್ನ ಓಡಿಸ್ತೀರಿ. ಆಮೇಲೆ ನನ್ನ ಹೊಟ್ಟೆಪಾಡು?"

ಕರಪತ್ರದಲ್ಲಿ ಇದಕ್ಕೊಂದು ಉತ್ತರವಿತ್ತು. ಅವಳಿಗೇ ಅದು ಸರಿಬಂದಿರಲಿಲ್ಲ.

"ಗೊತ್ತಿಲ್ಲ," ಎಂದಳು. "ಬೇರೆ ಹಡಗು ಕಟ್ತೀವಿ ಅಂತಾರೆ. ನಿಮ್ಮ ಕೆಲಸ ಉಳಿಯುತ್ತೆ ಅಂತ ನಾನು ಹೇಳಲಾರೆ."

"ಮತ್ತೆ ಯಾಕೆ ಮನೆಮನೆ ಸುತ್ತುತೀರಿ?"

"ಯಾಕಂದ್ರೆ ನಾವು ಆರಿಸದ ಸರ್ಕಾರ ಲಂಡನ್ನಿನಲ್ಲಿ ಕೂತು ನಮ್ಮ ಬೀದಿಗೆ ಏನು ಬೇಕು ಅಂತ ಹೇಳುತ್ತೆ. ಸ್ಟೇರಿಂಗ್ ನಮ್ಮ ಕೈಲಿರಲಿ. ಗಾಡಿ ಚರಂಡಿಗೆ ಬಿದ್ರೂ ನಾವೇ ಬೀಳಿಸಿದ್ದು ಅಂತಾಗ್ಲಿ."

"ದಿನಾ ಪಕ್ಕದಲ್ಲಿ ಕೂತು ಬ್ರೇಕ್ ಒತ್ತೋರು ಹೇಳೋ ಮಾತಾ ಇದು?"

ಅವಳು ನಕ್ಕುಬಿಟ್ಟಳು. ನಕ್ಕಿದ್ದಕ್ಕೆ ಮೆಟ್ಟಿಲಿಳಿಯುವಾಗ ತನ್ನ ಮೇಲೇ ಸಿಟ್ಟು ಬಂತು.

ಆರನೆಯ ಶನಿವಾರ ಸಂಜೆ, ಆ ಭಾಗದ ಪ್ರಚಾರ ನೋಡಿಕೊಳ್ಳುವ ಸೆಂಗಾ ಇಶ್ಬೆಲ್ ತಂದ ಹಾಳೆ ಹಿಡಿದು ಕನ್ನಡಕ ಮೂಗಿನ ತುದಿಗೆ ಇಳಿಸಿದಳು. ಅರವತ್ತೈದು ವರ್ಷದ ಹೆಂಗಸು, ಮೂರು ಚುನಾವಣೆಗಳಲ್ಲಿ ಓಡಾಡಿದವಳು.

"ಆರನೇ ಸಲವೂ ಐದಾ? ಮರಿ, ಇದು ಹಳೇ ಆಟ ಕಣೆ. ಆ ಕಡೆಯವರು ಕೂರಿಸಿ ಟೀ ಕುಡಿಸ್ತಾರೆ. ನೀನು ಒಂದು ಗಂಟೆ ಕೂತ್ರೆ ಹದಿನೈದು ಬಾಗಿಲು ತಟ್ಟದೇ ಉಳಿಯುತ್ತೆ. ಅವರಿಗೆ ಬೇಕಾದ್ದೂ ಅಷ್ಟೇ."

"ಅವರು ಅಂಥವರಲ್ಲ."

"ಸರಿ. ಮುಖ ಯಾಕೆ ಕೆಂಪಾಯ್ತು?"

ಮುಂದಿನ ಶನಿವಾರ ಬೆಳಿಗ್ಗೆ ಇಶ್ಬೆಲ್ ಕಣ್ಣಾರೆ ಕಂಡಳು. ಪುರಭವನದ ಗೋಪುರದ ಕೆಳಗೆ 'ಬೇಡ' ಎನ್ನುವವರ ಪ್ರಚಾರದ ಮೇಜಿನ ಪಕ್ಕ ಲಾಕ್ಲನ್ ನಿಂತಿದ್ದ, ಅವರಲ್ಲೊಬ್ಬನ ಬೆನ್ನು ತಟ್ಟಿ ನಗುತ್ತಿದ್ದ. ಮಧ್ಯಾಹ್ನ ಅವನ ಮನೆ ಬೆಲ್ ಒತ್ತಿದಾಗ ಒಳಗೆ ಕೆಟಲ್ ಆಗಲೇ ಕುದಿಯುತ್ತಿತ್ತು.

"ಒಳಗೆ ಬರಲ್ಲ. ಬೆಳಿಗ್ಗೆ ಅವರ ಮೇಜಿನ ಹತ್ರ ನಿಮ್ಮನ್ನ ನೋಡಿದೆ."

"ಅವನು ನನ್ನ ತಮ್ಮ. ತಿನ್ನೋಕೆ ಮಾಂಸದ ಪೈ ಕೊಟ್ಟು ಬಂದೆ."

"ಸಿಕ್ಕಿಬಿದ್ದೋರಿಗೆಲ್ಲ ಒಬ್ಬ ತಮ್ಮ ಇರ್ತಾನೆ. ನಿಜವಾದ ನಂಬರ್ ಹೇಳಿ."

ಲಾಕ್ಲನ್ ತನ್ನ ಬೂಟು ನೋಡುತ್ತ ಹೇಳಿದ. "ಮೊದಲ ದಿನ ಎರಡು."

"ಮತ್ತೆ ಐದು ಅಂದಿದ್ದು?"

"ಎರಡು ಅಂದಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ಹತ್ತು ಅಂದಿದ್ರೂ ಬರ್ತಿರ್ಲಿಲ್ಲ. ಐದು ಅಂದ್ರೆ ಮಾತ್ರ ಶನಿವಾರ ಬರ್ತೀರಿ."

ಅವಳ ಮನಸ್ಸು ಒಮ್ಮೆ ಅರಳಿತು. ಮರುಕ್ಷಣವೇ ಕಾಲು ಬ್ರೇಕಿನ ಮೇಲೆ ಹೋಯಿತು. ಇಷ್ಟು ಚಂದದ ಮಾತು ಅವಳು ಹಿಂದೆಯೂ ಕೇಳಿದ್ದಳು, ಅಬರ್ಡೀನಿನಿಂದ ಬರುತ್ತಿದ್ದ ಫೋನಿನಲ್ಲಿ.

"ಚೆನ್ನಾಗಿ ಕಲಿತಿದ್ದೀರಿ," ಎಂದು ಹಾಳೆಯಲ್ಲಿ ಎರಡು ಬರೆದು ಹೊರಟಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಸೆಪ್ಟೆಂಬರ್ ಹತ್ತೊಂಬತ್ತು, ಶುಕ್ರವಾರ ಬೆಳಗಾಗುವಷ್ಟರಲ್ಲಿ ದೇಶ ಬೇಡ ಎಂದಿತ್ತು. ಅವಳ ಊರಿನ ಭಾಗದಲ್ಲಿ 'ಹೌದು' ಸೋತಿದ್ದು ಬರೀ ಎಂಬತ್ತಾರು ವೋಟಿನಿಂದ. ಆರು ಶನಿವಾರ, ಆರು ಗಂಟೆ, ಗಂಟೆಗೆ ಹದಿನೈದು ಬಾಗಿಲು. ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು. ಕೋಟು ಹಾಕಿಕೊಂಡು ಏರುಬೀದಿ ಹತ್ತಿದಳು.

ಅವನು ಕೆಲಸಕ್ಕೆ ಹೋಗಿರಲಿಲ್ಲ. ಗಡ್ಡ ಬೆಳೆದಿತ್ತು.

"ತೊಂಬತ್ತು ಬಾಗಿಲು," ಎಂದಳು ಇಶ್ಬೆಲ್. "ಎಂಬತ್ತಾರು ವೋಟು. ನಾನು ನಿನ್ನ ಬಿಸ್ಕತ್ತು ತಿಂತಾ ಕೂತಿದ್ದೆ."

ನೀವು ಹೋಗಿ ನೀನು ಬಂದದ್ದು ಇಬ್ಬರಿಗೂ ಕೇಳಿಸಿತು.

"ನಾನು ಹೌದು ಅಂತ ಹಾಕಿದೆ," ಎಂದ ಅವನು. "ಇಲ್ಲದಿದ್ರೆ ಎಂಬತ್ತೆಂಟಾಗ್ತಿತ್ತು."

"ಸುಳ್ಳು."

"ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಒಬ್ಬನೇ ನಿಂತು ಮತಚೀಟಿ ಮೇಲೆ ಪೆನ್ಸಿಲಿನಲ್ಲಿ ಹಾಕಿದ ಗುರುತು. ತಮ್ಮನಿಗೂ ಹೇಳಿಲ್ಲ."

"ನಿನ್ನ ಕೆಲಸ?"

"ಆ ಕಡೆಯವರೂ ಎಲ್ಲ ಗೊತ್ತು ಅಂದ್ರು, ಈ ಕಡೆಯವರೂ ಎಲ್ಲ ಗೊತ್ತು ಅಂದ್ರು. ಗೊತ್ತಿಲ್ಲ ಅಂದೋಳು ನೀನೊಬ್ಬಳೇ. ಗೊತ್ತಿಲ್ಲ ಅಂತ ಹೇಳೋರ ಜೊತೆ ಗಾಡೀಲಿ ಕೂರಬಹುದು ಅನ್ನಿಸ್ತು." ಅವನು ನೆಟ್ಟಗೆ ನಿಂತ. "ನೀನಂದ್ರೆ ನನಗೆ ಪ್ರೀತಿ, ಅದು ಬೇರೆ ಮಾತು. ವೋಟು ಅದಕ್ಕೆ ಹಾಕಿದ್ದಲ್ಲ."

ಇಶ್ಬೆಲ್ ಆ ಹುಬ್ಬನ್ನೇ ನೋಡಿದಳು. ಅದು ಅಲುಗಲಿಲ್ಲ. ಅಬರ್ಡೀನಿನವನು ಪ್ರತಿ ಸಲವೂ ಸಾಕ್ಷಿ ತೋರಿಸುತ್ತಿದ್ದ: ಟಿಕೆಟ್ಟು, ಫೋಟೋ, ಗೆಳೆಯನ ಮೆಸೇಜು. ಇವನ ಕೈ ಖಾಲಿ. ಈ ಜನ್ಮದಲ್ಲಿ ಯಾರೂ ಆ ಮತಪೆಟ್ಟಿಗೆಯಿಂದ ಇವನ ಚೀಟಿ ಹುಡುಕಿ ತಂದು ಅವಳಿಗೆ ತೋರಿಸಲಾರರು. ನಂಬುವುದಾದರೆ ಹೀಗೇ ನಂಬಬೇಕಿತ್ತು.

"ಎಷ್ಟು ನಂಬ್ತೀಯಾ?" ಎಂದ ಲಾಕ್ಲನ್ ಮೆಲ್ಲಗೆ. "ಒಂದರಿಂದ ಹತ್ತರಲ್ಲಿ?"

ಅವಳು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡಳು.

"ಐದು."

ಅವನ ಮುಖ ಬಾಡಿತು. ಆಮೇಲೆ, ಬಹಳ ನಿಧಾನಕ್ಕೆ, ಸುಟ್ಟ ಹುಬ್ಬು ಮೇಲೇರಿತು.

"ನಾಳೆ ಶನಿವಾರ," ಎಂದ.

"ಗೊತ್ತು," ಎಂದಳು ಇಶ್ಬೆಲ್. "ಕೆಟಲ್ ಇಟ್ಟಿರು."